‘ಜಮಅ’: ಒಂದು ಕ್ರಿಯಾಪದ, ಎರಡು ಅರ್ಥ

ನಮ್ಮ ಲೆಕ್ಕದ ‘ಜಮಾ’, ಕಂದಾಯದ ‘ಜಮಾಬಂದಿ’, ಶುಕ್ರವಾರದ ‘ಜುಮಾ’ ಇವೆಲ್ಲದರ ಬೇರು ಅರಬಿಯ ‘ಜಮಅ’ ಎಂಬ ಕ್ರಿಯಾಪದ. ಕೂಡಿಸಿದನು ಎಂಬುದು ಅದರ ನೇರ ಅರ್ಥ. ಆದರೆ ಕುರ್‌ಆನಿನ ಚರಿತ್ರೆಯನ್ನು ಓದುವಾಗ ಇಷ್ಟೇ ಸಾಲದು.

ಪ್ರವಾದಿ(ಸ)ಯವರ ಕಾಲದಲ್ಲೇ ನಾಲ್ವರು ಅನ್ಸಾರಿಗಳು ಕುರ್‌ಆನನ್ನು ‘ಜಮಅ’ ಮಾಡಿದ್ದರೆಂದು ಅನಸ್(ರ)ರ ವರದಿಯಿದೆ. ಅವರಲ್ಲೊಬ್ಬರು ಝೈದ್ ಬಿನ್ ಸಾಬಿತ್(ರ). ಹಾಗಿದ್ದರೆ ಕ್ರಿ.ಶ. 632-33ರ ಯಮಾಮಾ ಯುದ್ಧದ ನಂತರ ಖಲೀಫಾ ಅಬೂಬಕರ್(ರ) ಅದೇ ಝೈದ್‌ರಿಗೆ ಮತ್ತೆ ‘ಜಮಅ’ ಮಾಡಲು ಹೇಳಿದ್ದೇಕೆ?

ಮೊದಲನೆಯದು ಎದೆಯಲ್ಲಿ ಕೂಡಿಸುವುದು, ಅಂದರೆ ಕಂಠಪಾಠ ಎನ್ನುತ್ತಾರೆ ವಿದ್ವಾಂಸರು. ಎರಡನೆಯದು ಖರ್ಜೂರದ ದಿಂಡು, ಚಪ್ಪಟೆ ಕಲ್ಲು, ಜನರ ನೆನಪುಗಳಿಂದ ಬರಹಕ್ಕಿಳಿಸಿ ಒಟ್ಟುಗೂಡಿಸುವುದು. ಯಮಾಮಾದಲ್ಲಿ ಅನೇಕ ಕಂಠಪಾಠಿಗಳು ಹತರಾಗಿದ್ದರು. ಎದೆಗಳು ಮಣ್ಣು ಸೇರತೊಡಗಿದಾಗ ಬರಹದ ಆಸರೆ ಬೇಕಾಯಿತು.

ಈ ಎರಡು ಅರ್ಥಗಳನ್ನು ಬೇರ್ಪಡಿಸದಿದ್ದರೆ ಚರಿತ್ರೆಯಲ್ಲಿ ಇಲ್ಲದ ವಿರೋಧಾಭಾಸ ನಮಗೆ ಕಾಣುತ್ತದೆ.