ಹೆರಿಗೆ ನೋವು ಮತ್ತು ಅದರ ನಿವಾರಣೆ: ವಿವಿಧ ದೇಶಗಳ ದೃಷ್ಟಿಕೋನ

ಹೆರಿಗೆಯ ನೋವು ಎಲ್ಲ ದೇಶಗಳ ತಾಯಂದಿರಿಗೂ ಉಂಟಾಗತಕ್ಕದ್ದೇ. ಆದರೆ ಆ ನೋವನ್ನು ಸಹಿಸಬೇಕೇ ಅಥವಾ ಶಮನಗೊಳಿಸಬೇಕೇ ಎಂಬ ಪ್ರಶ್ನೆಗೆ ಒಂದೊಂದು ಸಮಾಜವೂ ಒಂದೊಂದು ಬಗೆಯ ಉತ್ತರ ನೀಡಿದೆ. ಫ್ರಾನ್ಸ್ ದೇಶದಲ್ಲಿ ಹತ್ತರಲ್ಲಿ ಎಂಟು ಮಂದಿ ತಾಯಂದಿರು ಎಪಿಡ್ಯೂರಲ್ ಎಂಬ ಅರಿವಳಿಕೆಯನ್ನು ಪಡೆಯುತ್ತಾರೆ. ಜಪಾನಿನಲ್ಲಿ ಈ ಪ್ರಮಾಣ ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಎರಡೂ ಸಂಪದ್ಭರಿತ ದೇಶಗಳೇ. ಎರಡರಲ್ಲಿಯೂ ಸುಸಜ್ಜಿತ ಆಸ್ಪತ್ರೆಗಳಿವೆ. ಆದುದರಿಂದ ಈ ಅಂತರಕ್ಕೆ ಸ್ತ್ರೀಯರ ಸಹನಾಶಕ್ತಿ ಕಾರಣವೆನ್ನಲಾಗದು. ಸಮಾಜದ ನಂಬಿಕೆ, ಹೆರಿಗೆ ಮಾಡಿಸುವವರು ಯಾರು, ವೆಚ್ಚ ಭರಿಸುವವರು ಯಾರು ಎಂಬುವೇ ಇಲ್ಲಿ ನಿರ್ಣಾಯಕವಾಗಿವೆ.

ಹಿನ್ನೆಲೆ

1847ರಲ್ಲಿ ಎಡಿನ್‌ಬರೋ ನಗರದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಅವರು ಹೆರಿಗೆಯಲ್ಲಿ ಮೊದಲು ಈಥರನ್ನೂ ಅದೇ ವರ್ಷದ ಕೊನೆಯಲ್ಲಿ ಕ್ಲೋರೋಫಾರ್ಮನ್ನೂ ಬಳಸಿದರು. ಪ್ರಸವ ವೇದನೆಯು ದೈವನಿಯಮವೆಂದೂ ಅದನ್ನು ತಡೆಯುವುದು ತರವಲ್ಲವೆಂದೂ ಕೆಲವರು ಆಕ್ಷೇಪಿಸಿದರು. ಆಕ್ಷೇಪಿಸಿದವರಲ್ಲಿ ವೈದ್ಯರೂ ಇದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿಯು ರಾಜಕುಮಾರ ಲಿಯೋಪೋಲ್ಡ್‌ನ ಜನನದ ವೇಳೆ ಡಾ. ಜಾನ್ ಸ್ನೋ ಅವರಿಂದ ಕ್ಲೋರೋಫಾರ್ಮ್ ಪಡೆದ ನಂತರ ಆಕ್ಷೇಪಣೆಗಳು ಕ್ರಮೇಣ ಕ್ಷೀಣಿಸಿದವು. ಶಾಸ್ತ್ರವಾದಗಳಿಗಿಂತ ರಾಣಿಯ ನಡೆಯೇ ಜನರ ಮೇಲೆ ಹೆಚ್ಚು ಪ್ರಭಾವ ಬೀರಿತೆನ್ನಬಹುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಮಾರ್ಫಿನ್ ಮತ್ತು ಸ್ಕೋಪೊಲಮಿನ್ ಔಷಧಗಳನ್ನು ಕೂಡಿಸಿ ನೀಡುವ 'ಮಂಪರು ನಿದ್ರೆ' ವಿಧಾನ ಬಳಕೆಗೆ ಬಂದಿತು. 1914ರ ವೇಳೆಗೆ ಅಮೆರಿಕದ ಮಹಿಳೆಯರು ಸಂಘ ಕಟ್ಟಿಕೊಂಡು ಇದನ್ನು ತಮ್ಮ ಹಕ್ಕೆಂದು ಕೇಳಿದರು. ವಾಸ್ತವದಲ್ಲಿ ಈ ವಿಧಾನವು ನೋವನ್ನು ಪೂರ್ಣವಾಗಿ ನೀಗುತ್ತಿರಲಿಲ್ಲ, ನೋವಿನ ನೆನಪನ್ನು ಅಳಿಸುತ್ತಿತ್ತು. ಶಿಶುವಿನ ಉಸಿರಾಟಕ್ಕೂ ಅಪಾಯವಿತ್ತು. ಮುಂದೆ ಬ್ರಿಟನ್ನಿನ ಗ್ರಾಂಟ್ಲಿ ಡಿಕ್-ರೀಡ್ ಹಾಗೂ ಫ್ರಾನ್ಸಿನ ಫೆರ್ನಾಂಡ್ ಲಮಾಜ್ ಅವರು ಭಯ ನಿವಾರಣೆ, ಉಸಿರಾಟದ ಅಭ್ಯಾಸ ಹಾಗೂ ಪೂರ್ವಶಿಕ್ಷಣಕ್ಕೆ ಒತ್ತು ನೀಡಿದರು.

ಕೆಲವು ದೇಶಗಳ ಪದ್ಧತಿ

ಲಮಾಜ್ ಅವರ ನಾಡಾದ ಫ್ರಾನ್ಸೇ ಇಂದು ಎಪಿಡ್ಯೂರಲ್ ಬಳಕೆಯಲ್ಲಿ ಮುಂಚೂಣಿಯಲ್ಲಿದೆ. 1994ರಲ್ಲಿ ಸಿಮೋನ್ ವೇಲ್ ಅವರು ಸಚಿವರಾಗಿದ್ದಾಗ ಅದರ ವೆಚ್ಚವನ್ನು ಸಾಮಾಜಿಕ ಭದ್ರತಾ ವಿಮೆಯೇ ಪೂರ್ಣವಾಗಿ ಭರಿಸುವ ವ್ಯವಸ್ಥೆಯಾಯಿತು. ಹೆರಿಗೆಗೆ ಕೆಲವು ವಾರಗಳ ಮುನ್ನವೇ ಗರ್ಭಿಣಿಯರು ಅರಿವಳಿಕೆ ತಜ್ಞರನ್ನು ಭೇಟಿಯಾಗುವುದು ಅಲ್ಲಿನ ಕ್ರಮ. ಬೇಕೆಂದರೂ ಬೇಡವೆಂದರೂ ನಿರ್ಧಾರವನ್ನು ನೋವಿನ ನಡುವೆ ಕೈಗೊಳ್ಳಬೇಕಾಗುವುದಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಹೆರಿಗೆಯನ್ನು ಕಾಯಿಲೆಯೆಂದು ಪರಿಗಣಿಸದೆ ಸಹಜ ಕ್ರಿಯೆಯೆಂದು ಭಾವಿಸುವ ಪರಂಪರೆಯಿದೆ. 1960ರ ದಶಕದ ಮಧ್ಯದಲ್ಲಿಯೂ ಅಲ್ಲಿನ ಸುಮಾರು ಮೂರನೇ ಎರಡರಷ್ಟು ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಈಗ ಪ್ರಮಾಣ ಬಹಳ ಇಳಿದಿದ್ದರೂ ಪದ್ಧತಿ ಉಳಿದಿದೆ. ತರಬೇತಿ ಹೊಂದಿದ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಾರೆ, ತೊಡಕು ಕಂಡಲ್ಲಿ ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಸಿದ್ಧವಿರುತ್ತದೆ. ಈ ಏರ್ಪಾಡಿಲ್ಲದೆ ಮನೆ ಹೆರಿಗೆಯನ್ನು ಅನುಕರಿಸುವುದು ಅಪಾಯಕಾರಿ. ಹೆರಿಗೆಯ ನಂತರ ಸಹಾಯಕಿಯೊಬ್ಬರು ಸುಮಾರು ಒಂದು ವಾರ ಮನೆಗೆ ಬಂದು ತಾಯಿ ಮತ್ತು ಶಿಶುವಿನ ಆರೈಕೆ ಮಾಡುತ್ತಾರೆ. ನಮ್ಮ ಬಾಣಂತನವನ್ನು ಸರ್ಕಾರಿ ನಿಯಮದೊಳಗೆ ತಂದಂತೆ ಇದು ತೋರುತ್ತದೆ. ನೋವು ನಿವಾರಣೆಗೆ ತಾಯಿಯ ಕೋರಿಕೆಯೊಂದೇ ಸಾಕಾದ ಕಾರಣವೆಂದು 2008ರಲ್ಲಿ ಅಲ್ಲಿನ ವೈದ್ಯಕೀಯ ಮಾರ್ಗಸೂಚಿ ಒಪ್ಪಿಕೊಂಡಿತು.

ಬ್ರಿಟನ್ನಿನಲ್ಲಿ ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕವನ್ನು ಸಮಪ್ರಮಾಣದಲ್ಲಿ ಬೆರೆಸಿದ ಅನಿಲವು ವ್ಯಾಪಕ ಬಳಕೆಯಲ್ಲಿದೆ. ಕೊಳವೆಯನ್ನು ತಾಯಿಯೇ ಕೈಯಲ್ಲಿ ಹಿಡಿದು, ಬೇನೆ ಬಂದಾಗ ಉಸಿರೆಳೆದುಕೊಳ್ಳುತ್ತಾಳೆ.

ಜಪಾನಿನಲ್ಲಿ ನೋವುಂಡು ಹೆತ್ತಾಗಲೇ ತಾಯ್ತನ ಗಟ್ಟಿಯಾಗುವುದೆಂಬ ಭಾವನೆ ಆಳವಾಗಿದೆ. ಹೆರಿಗೆಗಾಗಿ ತವರಿಗೆ ಮರಳುವ ಪದ್ಧತಿ ಅಲ್ಲಿಯೂ ಇರುವುದರಿಂದ ಹಿರಿಯರ ಮಾತಿನ ಪ್ರಭಾವವೂ ಹೆಚ್ಚು. ಆದರೆ ನಂಬಿಕೆಯೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಸುಮಾರು ಅರ್ಧದಷ್ಟು ಹೆರಿಗೆಗಳು ಸಣ್ಣ ಚಿಕಿತ್ಸಾಲಯಗಳಲ್ಲಿ ನಡೆಯುತ್ತವೆ, ಅಲ್ಲಿ ದಿನವಿಡೀ ಅರಿವಳಿಕೆ ತಜ್ಞರು ದೊರೆಯುವುದು ಕಷ್ಟ. ಎಪಿಡ್ಯೂರಲ್‌ಗೆ ಪ್ರತ್ಯೇಕವಾಗಿ ಹಣ ಪಾವತಿಸಬೇಕು. 2025ರ ಅಕ್ಟೋಬರ್‌ನಿಂದ ಟೋಕಿಯೋ ಮಹಾನಗರಾಡಳಿತವು ಇದಕ್ಕಾಗಿ 1 ಲಕ್ಷ ಯೆನ್‌ವರೆಗೆ ನೆರವು ನೀಡಲಾರಂಭಿಸಿತು.

ನಮ್ಮ ನಾಡಿನಲ್ಲಿ

ಹೆರಿಗೆಯನ್ನು ಹೆಣ್ಣಿನ ಮರುಹುಟ್ಟು ಎನ್ನುವ ನಮ್ಮ ಜನ, ನೋವು ತಿನ್ನದೆ ಮಗು ಬರುವುದಿಲ್ಲ ಎಂದೂ ಹೇಳುತ್ತಾರೆ. ಹಿಂದೆ ಸೂಲಗಿತ್ತಿಯು ಬೇನೆಯ ಉದ್ದಕ್ಕೂ ಕದಲದೆ ಜೊತೆಗಿರುತ್ತಿದ್ದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದದ್ದು ಈ ಸೇವೆಗಾಗಿಯೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಾಗುತ್ತಿವೆ. ತಾಯಿ ಮರಣ ತಗ್ಗಿಸುವಲ್ಲಿ ಇದು ಮಹತ್ತರ ಸಾಧನೆ. ಆದರೆ ಪರಿಚಿತ ಕೈಯೊಂದು ಹೆರಿಗೆ ಕೊಠಡಿಯ ಹೊರಗುಳಿಯಿತೆಂಬುದೂ ನಿಜ. ಇದನ್ನು ಮನಗಂಡು ಕೇಂದ್ರ ಸರ್ಕಾರವು 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ನೀಡಿತು. ನಿರಂತರ ಆಸರೆ ದೊರೆತ ತಾಯಂದಿರಲ್ಲಿ ಸಿಸೇರಿಯನ್ ಹಾಗೂ ಔಷಧದ ಅಗತ್ಯ ಎರಡೂ ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ.

ಎಪಿಡ್ಯೂರಲ್ ಸೌಲಭ್ಯವು ಇಲ್ಲಿ ಬಹುಮಟ್ಟಿಗೆ ನಗರಗಳ ಖಾಸಗಿ ಆಸ್ಪತ್ರೆಗಳಿಗೆ ಸೀಮಿತವಾಗಿದೆ. ನೋವಿಗೆ ಹೆದರಿ ಸಿಸೇರಿಯನ್ ಕೇಳುವವರೂ ಇದ್ದಾರೆ. ಶಸ್ತ್ರಚಿಕಿತ್ಸೆಯ ಗಾಯದ ನೋವು ಹೆರಿಗೆಯ ನಂತರ ಹಲವು ದಿನ ಇರುವುದೆಂಬುದನ್ನು ಅಂತಹವರು ಅರಿಯಬೇಕು.

ಗರ್ಭಿಣಿಯರು ಗಮನಿಸಬೇಕಾದ ಅಂಶಗಳು

ಎಪಿಡ್ಯೂರಲ್‌ನಲ್ಲಿ ಸೊಂಟದ ಭಾಗದಲ್ಲಿ ಬೆನ್ನುಹುರಿಯ ಹೊದಿಕೆಯ ಹೊರಗೆ ಸೂಕ್ಷ್ಮ ನಳಿಕೆಯನ್ನಿರಿಸಿ ಔಷಧ ನೀಡಲಾಗುತ್ತದೆ. ತಾಯಿ ಎಚ್ಚರವಾಗಿಯೇ ಇರುತ್ತಾಳೆ. ರಕ್ತದೊತ್ತಡ ಇಳಿಯುವುದು, ತುರಿಕೆ, ಜ್ವರ, ಕಾಲು ಭಾರವಾಗುವುದು, ಅಪರೂಪಕ್ಕೆ ತೀವ್ರ ತಲೆನೋವು ಇದರ ಅಡ್ಡಪರಿಣಾಮಗಳು. ಹೆರಿಗೆಯ ಕೊನೆಯ ಹಂತ ಸ್ವಲ್ಪ ದೀರ್ಘವಾಗಬಹುದು. ಇದರಿಂದ ಸಿಸೇರಿಯನ್ ಹೆಚ್ಚುತ್ತದೆಂಬುದಕ್ಕಾಗಲಿ, ಜೀವನಪರ್ಯಂತ ಬೆನ್ನುನೋವು ಕಾಡುತ್ತದೆಂಬುದಕ್ಕಾಗಲಿ ಆಧಾರ ದೊರೆತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2018ರ ಶಿಫಾರಸಿನಲ್ಲಿ, ಆರೋಗ್ಯವಂತ ಗರ್ಭಿಣಿ ನೋವು ನಿವಾರಣೆ ಕೋರಿದಲ್ಲಿ ಎಪಿಡ್ಯೂರಲ್, ಇತರ ನೋವು ಶಾಮಕ ಚುಚ್ಚುಮದ್ದು, ಉಸಿರಾಟದ ಅಭ್ಯಾಸ, ನೀವುವಿಕೆ, ಬಿಸಿ ಶಾಖ ಇವುಗಳನ್ನು ಆಕೆಯ ಇಚ್ಛೆಗೆ ಅನುಗುಣವಾಗಿ ಒದಗಿಸಬಹುದೆಂದು ತಿಳಿಸಿದೆ. ಕೇಳುವುದು ದೌರ್ಬಲ್ಯವಲ್ಲ, ಬೇಡವೆನ್ನುವುದು ಮೌಢ್ಯವೂ ಅಲ್ಲ. ತಮ್ಮ ಆಸ್ಪತ್ರೆಯಲ್ಲಿ ಯಾವ ಸೌಲಭ್ಯವಿದೆ, ಸಂಗಾತಿಗೆ ಅವಕಾಶವಿದೆಯೇ ಎಂಬುದನ್ನು ಎಂಟನೇ ತಿಂಗಳ ತಪಾಸಣೆಯ ವೇಳೆಗೆ ವಿಚಾರಿಸಿಕೊಳ್ಳತಕ್ಕದ್ದು. ರಕ್ತ ಹೆಪ್ಪುಗಟ್ಟುವಿಕೆಯ ದೋಷವುಳ್ಳವರು, ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿರುವವರು ಹಾಗೂ ಹಿಂದೆ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದವರು ಆ ವಿವರಗಳನ್ನು ವೈದ್ಯಾಧಿಕಾರಿಗಳಿಗೆ ಮುಂಚಿತವಾಗಿ ತಿಳಿಸತಕ್ಕದ್ದು.