ಸ್ಕ್ಯಾನ್ ರಿಪೋರ್ಟಿನ ಕೊನೆಯ ಸಾಲು: ಅಡ್ರಿನಲ್ ಮತ್ತು ಮೇದೋಜೀರಕ ಗ್ರಂಥಿಗಳಲ್ಲಿ ಅಚಾನಕ್ ಪತ್ತೆಯಾಗುವ ಗಡ್ಡೆಗಳು

ಕಿಡ್ನಿ ಸ್ಟೋನ್ ನೋವು ತಾಳಲಾರದೆ ಮಂಜೇಶ್ವರದಿಂದಲೋ ಉಪ್ಪಳದಿಂದಲೋ ಮಂಗಳೂರಿಗೆ ಓಡುತ್ತಾರೆ. ಸಿ.ಟಿ. ಸ್ಕ್ಯಾನ್ ಆಗುತ್ತದೆ. ಕಲ್ಲು ಕಾಣುತ್ತದೆ, ಮದ್ದು ಸಿಗುತ್ತದೆ, ಕೆಲವು ದಿನಗಳಲ್ಲಿ ನೋವೂ ಹೋಗುತ್ತದೆ. ರಿಪೋರ್ಟು ಪ್ಲಾಸ್ಟಿಕ್ ಕವರಿನೊಳಗೆ ಕಪಾಟು ಸೇರುತ್ತದೆ. ಆದರೆ ಅದರ ಕೊನೆಯಲ್ಲಿ ಕಲ್ಲಿಗೆ ಸಂಬಂಧವೇ ಇಲ್ಲದ ಒಂದು ಸಾಲು ಕೆಲವೊಮ್ಮೆ ಇರುತ್ತದೆ: ಎಡ ಅಡ್ರಿನಲ್ ಗ್ರಂಥಿಯಲ್ಲಿ 2 ಸೆಂ.ಮೀ. ಗಡ್ಡೆ, ಅಥವಾ ಮೇದೋಜೀರಕ ಗ್ರಂಥಿಯಲ್ಲಿ ಸಣ್ಣ ನೀರುಗುಳ್ಳೆ.

ಈ ಸಾಲನ್ನು ಎಷ್ಟೋ ಮನೆಗಳಲ್ಲಿ ಯಾರೂ ಓದುವುದಿಲ್ಲ. ಓದಿದ ಮನೆಗಳಲ್ಲಿ ದೊಡ್ಡ ಗಾಬರಿ. ರಿಪೋರ್ಟಿನ ಫೋಟೊ ದುಬೈಯಲ್ಲಿರುವ ಮಗನ ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ, ಸಂಜೆಯೊಳಗೆ 'ಕ್ಯಾನ್ಸರ್ ಅಂತೆ' ಎಂಬ ಸುದ್ದಿ ಕುಟುಂಬವಿಡೀ ಹಬ್ಬುತ್ತದೆ. ಎರಡೂ ತಪ್ಪು. ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಾಗಂತ ಪರೀಕ್ಷೆ ಮಾಡಿಸದೆ ಬಿಟ್ಟರೆ ಜೀವಕ್ಕೇ ಅಪಾಯ ತರುವ ಕೆಲವೂ ಇವುಗಳ ನಡುವೆಯೇ ಇವೆ.

ಏನಿದು 'ಇನ್ಸಿಡೆಂಟಲೋಮ'?

ಬೇರೇನನ್ನೋ ಹುಡುಕುವಾಗ ಅಚಾನಕ್ಕಾಗಿ ಕಣ್ಣಿಗೆ ಬೀಳುವ ಗಡ್ಡೆಗೆ ವೈದ್ಯರು ಇನ್ಸಿಡೆಂಟಲೋಮ ಎನ್ನುತ್ತಾರೆ. ಇದು ಒಂದು ಕಾಯಿಲೆಯ ಹೆಸರಲ್ಲ, ಗಡ್ಡೆ ಸಿಕ್ಕಿದ ರೀತಿಯ ಹೆಸರು. ಸಿ.ಟಿ. ಸ್ಕ್ಯಾನ್ ಬಳಕೆ ಹೆಚ್ಚುತ್ತಿದ್ದಂತೆ, 1982ರಲ್ಲಿ ಅಮೆರಿಕದ ವೈದ್ಯರು ಅಡ್ರಿನಲ್ ಗಡ್ಡೆಗಳ ಬಗ್ಗೆ ಬರೆದ ಲೇಖನವೊಂದರಿಂದ ಈ ಪದ ಪ್ರಚಾರಕ್ಕೆ ಬಂತು. ಈಗ ಹೊಟ್ಟೆನೋವು, ಅಪಘಾತ, ಹೆಲ್ತ್ ಚೆಕಪ್ ಹೀಗೆ ಎಲ್ಲದಕ್ಕೂ ಸ್ಕ್ಯಾನ್ ಆಗುವುದರಿಂದ ಇಂಥ ಗಡ್ಡೆಗಳೂ ಹೆಚ್ಚು ಸಿಗುತ್ತಿವೆ. ವಯಸ್ಸಾದಂತೆ ಇವು ಸಾಮಾನ್ಯ. ಅಡ್ರಿನಲ್ ಗಡ್ಡೆ 50ರ ಪ್ರಾಯದವರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ, ಹಿರಿಯರಲ್ಲಿ ಅದಕ್ಕಿಂತ ಹೆಚ್ಚು ಕಂಡುಬರುತ್ತದೆ.

ಅಡ್ರಿನಲ್: ಚಿಕ್ಕ ಗ್ರಂಥಿ, ದೊಡ್ಡ ಕೆಲಸ

ಎರಡು ಕಿಡ್ನಿಗಳ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕುಳಿತಿರುವ ಗ್ರಂಥಿಗಳೇ ಅಡ್ರಿನಲ್. ಒಂದೊಂದರ ತೂಕ 4-5 ಗ್ರಾಂ ಅಷ್ಟೇ. ಬಿ.ಪಿ., ಸಕ್ಕರೆ, ದೇಹದ ಉಪ್ಪಿನಂಶ, ಅಪಾಯ ಬಂದಾಗ ಎದ್ದು ಓಡುವ ಶಕ್ತಿ ಇವೆಲ್ಲ ಅದರ ಹಾರ್ಮೋನುಗಳ ಹಿಡಿತದಲ್ಲಿವೆ. ಹಾಗಾಗಿ ಇಲ್ಲಿ 1 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡ ಗಡ್ಡೆ ಕಂಡರೆ ವೈದ್ಯರು ಎರಡು ಪ್ರಶ್ನೆ ಕೇಳುತ್ತಾರೆ. ಇದು ಕ್ಯಾನ್ಸರ್ ಆಗಿರಬಹುದೇ? ಇದು ಹಾರ್ಮೋನು ಸುರಿಸುತ್ತಿದೆಯೇ?

ಮೊದಲ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಸ್ಕ್ಯಾನ್‌ನಲ್ಲೇ ಇರುತ್ತದೆ. ಡೈ ಹಾಕದೆ ತೆಗೆದ ಸಿ.ಟಿ.ಯಲ್ಲಿ ಗಡ್ಡೆಯ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಈ ಅಳತೆಯಲ್ಲಿ ನೀರು ಸೊನ್ನೆ, ಕೊಬ್ಬು ಸೊನ್ನೆಗಿಂತ ಬಹಳ ಕೆಳಗೆ. ನಿರಪಾಯಕಾರಿ ಅಡಿನೋಮಗಳಲ್ಲಿ ಕೊಬ್ಬಿನಂಶ ಜಾಸ್ತಿ. 2023ರ ಯುರೋಪಿಯನ್ ಮಾರ್ಗಸೂಚಿಯ ಪ್ರಕಾರ, ಗಡ್ಡೆ ಒಂದೇ ಹದದಲ್ಲಿದ್ದು ಸಂಖ್ಯೆ 10 ಅಥವಾ ಕಡಿಮೆ ಇದ್ದರೆ ಅದು ನಿರಪಾಯಕಾರಿ. ಗಾತ್ರ ಎಷ್ಟೇ ಇರಲಿ, ಮತ್ತೆ ಮತ್ತೆ ಸ್ಕ್ಯಾನ್ ಬೇಕಿಲ್ಲ. ಸಂಖ್ಯೆ 11ರಿಂದ 20ರ ನಡುವೆ, ಗಾತ್ರ 4 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಇನ್ನೊಂದು ಬಗೆಯ ಸ್ಕ್ಯಾನ್, ಇಲ್ಲವೇ ವರ್ಷದ ನಂತರ ಮತ್ತೊಂದು ಸ್ಕ್ಯಾನ್ ಸಾಕಾಗುತ್ತದೆ. 4 ಸೆಂ.ಮೀ. ಅಥವಾ ಹೆಚ್ಚಿದ್ದು, ಸಂಖ್ಯೆ 20 ದಾಟಿದ್ದರೆ ಅಥವಾ ಒಳಭಾಗ ಏರುಪೇರಾಗಿದ್ದರೆ ತೆಗೆಯುವ ಮಾತು ಬರುತ್ತದೆ. 40ರ ಒಳಗಿನವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇಂಥ ಗಡ್ಡೆ ಅಪರೂಪ. ಕಂಡರೆ ತಡಮಾಡದೆ ಪರೀಕ್ಷೆ ಆಗಬೇಕು.

ಹಾರ್ಮೋನು ಪರೀಕ್ಷೆ ಬಿಡಬಾರದು

ಗಡ್ಡೆ ನಿರಪಾಯಕಾರಿ ಅಂತ ಕಂಡರೂ ಹಾರ್ಮೋನು ಸುರಿಸುತ್ತಿರಬಹುದು. ಮುಖ್ಯವಾಗಿ ಮೂರನ್ನು ನೋಡುತ್ತಾರೆ.

ಒಂದು, ಕಾರ್ಟಿಸಾಲ್. ರಾತ್ರಿ 11ರ ಸುಮಾರಿಗೆ 1 ಮಿ.ಗ್ರಾಂ. ಡೆಕ್ಸಾಮೆಥಸೋನ್ ಮಾತ್ರೆ ಕೊಟ್ಟು, ಮರುದಿನ ಬೆಳಿಗ್ಗೆ 8-9 ಗಂಟೆಗೆ ರಕ್ತದಲ್ಲಿ ಕಾರ್ಟಿಸಾಲ್ ನೋಡುತ್ತಾರೆ. ಸರಿಯಿದ್ದವರಲ್ಲಿ ಅದು ಒಂದು ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕೆಳಗೆ ಇಳಿದಿರುತ್ತದೆ. ಇಳಿಯದಿದ್ದರೆ ಗಡ್ಡೆ ತನ್ನಷ್ಟಕ್ಕೆ ಕಾರ್ಟಿಸಾಲ್ ತಯಾರಿಸುತ್ತಿರಬಹುದು. ಇಂಥವರಲ್ಲಿ ಬಿ.ಪಿ., ಶುಗರ್, ಮೂಳೆ ಸವೆತ ಹೆಚ್ಚು. ಗರ್ಭನಿರೋಧಕ ಮಾತ್ರೆ ತಿನ್ನುವವರಲ್ಲಿ ಈ ಪರೀಕ್ಷೆ ತಪ್ಪು ಉತ್ತರ ಕೊಡಬಹುದು. ಗಂಟುನೋವಿಗೆ, ದಮ್ಮಿಗೆ ಅಂತ ತೆಗೆದುಕೊಳ್ಳುವ ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದೂ ಉಂಟು. ನಾಚಿಕೆ ಬಿಟ್ಟು ಎಲ್ಲವನ್ನೂ ಡಾಕ್ಟರಿಗೆ ಹೇಳಬೇಕು.

ಎರಡು, ಆಲ್ಡೋಸ್ಟೆರಾನ್. ಬಿ.ಪಿ. ಇದ್ದವರಿಗೆ ಅಥವಾ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇದ್ದವರಿಗೆ ಈ ಪರೀಕ್ಷೆ. ಮೂರ್ನಾಲ್ಕು ಮಾತ್ರೆ ತಿಂದರೂ ಬಿ.ಪಿ. ಇಳಿಯದವರ ಹಿಂದೆ ಕೆಲವೊಮ್ಮೆ ಇದೇ ಕಾರಣವಿರುತ್ತದೆ. ಪರೀಕ್ಷೆಗೆ ಮೊದಲು ಕೆಲವು ಬಿ.ಪಿ. ಮಾತ್ರೆ ಬದಲಿಸಬೇಕಾಗಬಹುದು, ಆದರೆ ತಾವಾಗಿಯೇ ನಿಲ್ಲಿಸಬಾರದು.

ಮೂರು, ಫಿಯೋಕ್ರೋಮೋಸೈಟೋಮ. ಇದು ಅಡ್ರಿನಲಿನ್ ಬಗೆಯ ಹಾರ್ಮೋನು ಸುರಿಸುವ ಗಡ್ಡೆ. ಬಿಟ್ಟು ಬಿಟ್ಟು ಬರುವ ತಲೆನೋವು, ಬೆವರು, ಎದೆಬಡಿತ ಇದರ ಲಕ್ಷಣ. ಕೆಲವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಹೌನ್ಸ್‌ಫೀಲ್ಡ್ 10 ದಾಟಿದ ಪ್ರತಿ ಗಡ್ಡೆಗೂ ರಕ್ತದಲ್ಲಿ ಅಥವಾ 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್ ಪರೀಕ್ಷೆ ಕಡ್ಡಾಯ.

ಈ ಮೂರನೆಯದ್ದನ್ನು ಗುರುತಿಸದೆ ಬೇರೆ ಯಾವುದೋ ಆಪರೇಷನ್‌ಗೆ ಮಲಗಿಸಿದರೆ ಅನಸ್ತೀಷಿಯಾ ಹೊತ್ತಲ್ಲಿ ಬಿ.ಪಿ. ಗಗನಕ್ಕೇರಿ ಪ್ರಾಣಕ್ಕೇ ಕುತ್ತು ಬರಬಹುದು. ಹರ್ನಿಯಾಕ್ಕೋ ಪಿತ್ತಕೋಶದ ಕಲ್ಲಿಗೋ ಆಪರೇಷನ್ ಇರುವವರು ಹಳೆಯ ರಿಪೋರ್ಟಿನ ಆ ಒಂದು ಸಾಲನ್ನು ತಪ್ಪದೆ ತೋರಿಸಬೇಕಾದದ್ದು ಇದಕ್ಕೇ. ಅಡ್ರಿನಲ್ ಗಡ್ಡೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸುವ ಆತುರವೂ ಬೇಡ. ಫಿಯೋ ಅಲ್ಲ ಅಂತ ಖಾತ್ರಿಯಾಗುವ ಮೊದಲು ಸೂಜಿ ಚುಚ್ಚುವುದು ಅಪಾಯ. ಬೇರೆ ಕಡೆಯ ಕ್ಯಾನ್ಸರ್ ಇಲ್ಲಿಗೆ ಹರಡಿದೆಯೇ ಎಂಬಂಥ ಕೆಲವೇ ಸಂದರ್ಭಗಳಲ್ಲಿ ಬಯಾಪ್ಸಿ ಬೇಕಾಗುತ್ತದೆ.

ಎರಡೂ ಅಡ್ರಿನಲ್‌ಗಳು ಊದಿಕೊಂಡಿದ್ದರೆ ಲೆಕ್ಕಾಚಾರ ಬೇರೆ. ನಮ್ಮ ದೇಶದಲ್ಲಿ ಟಿ.ಬಿ. ಮತ್ತು ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರ ಸೋಂಕು ಎರಡನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇವರಲ್ಲಿ ಹಾರ್ಮೋನು ಜಾಸ್ತಿಯಾಗುವ ಬದಲು ಕಡಿಮೆಯಾಗಿ ವಿಪರೀತ ಸುಸ್ತು, ತೂಕ ಇಳಿಕೆ, ಬಿ.ಪಿ. ಕುಸಿತ ಕಾಣಿಸುತ್ತದೆ.

ಆಪರೇಷನ್ ಮತ್ತು ಆಮೇಲೆ

ಹಾರ್ಮೋನಿನಿಂದ ತೊಂದರೆ ಕೊಡುವ ಅಥವಾ ಕ್ಯಾನ್ಸರ್ ಸಂಶಯವಿರುವ ಗಡ್ಡೆಯನ್ನು ತೆಗೆಯುತ್ತಾರೆ. ಸಾಮಾನ್ಯವಾಗಿ ಕೀಹೋಲ್ ಆಪರೇಷನ್ ಸಾಕು. ಫಿಯೋ ಆಗಿದ್ದರೆ ಮೊದಲು ಒಂದೆರಡು ವಾರ ಆಲ್ಫಾ ಬ್ಲಾಕರ್ ಬಗೆಯ ಮಾತ್ರೆ ಕೊಟ್ಟು ಬಿ.ಪಿ. ಹತೋಟಿಗೆ ತರುತ್ತಾರೆ, ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಏನಿದ್ದರೂ ಅದರ ನಂತರ.

ಕಾರ್ಟಿಸಾಲ್ ಸುರಿಸುತ್ತಿದ್ದ ಗಡ್ಡೆ ತೆಗೆದ ಮೇಲೆ ಇನ್ನೊಂದು ಅಡ್ರಿನಲ್ ಎಚ್ಚೆತ್ತುಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿವರೆಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ತಪ್ಪಿಸುವ ಹಾಗಿಲ್ಲ. ಜ್ವರ, ವಾಂತಿ ಬಂದಾಗ ಡೋಸ್ ಹೆಚ್ಚಿಸಬೇಕು. ರಂಜಾನ್ ಉಪವಾಸದ ಪ್ರಶ್ನೆ ಇಲ್ಲಿ ಬರುತ್ತದೆ. ಹಗಲಿನ ಮಾತ್ರೆ ಬಿಟ್ಟು ಉಪವಾಸ ಹಿಡಿದರೆ ಬಿ.ಪಿ. ಕುಸಿದು ಆಸ್ಪತ್ರೆ ಸೇರಬೇಕಾಗಬಹುದು. ರಂಜಾನ್‌ಗೆ ಸಾಕಷ್ಟು ಮೊದಲೇ ಡಾಕ್ಟರನ್ನು ಕಂಡು, ಉಪವಾಸ ಹಿಡಿಯಬಹುದೇ ಅಂತ ಕೇಳಿಕೊಳ್ಳಬೇಕು. ರೋಗಿಗೆ ಧರ್ಮದಲ್ಲೇ ರಿಯಾಯಿತಿ ಇದೆ ಎಂಬುದನ್ನು ಮನೆಯ ಹಿರಿಯರಿಗೆ ನೆನಪಿಸುವ ಕೆಲಸ ಮಕ್ಕಳದ್ದು.

ಮೇದೋಜೀರಕ ಗ್ರಂಥಿಯ ನೀರುಗುಳ್ಳೆಗಳು

ಹೊಟ್ಟೆಯ ಹಿಂಭಾಗದಲ್ಲಿ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂ.ಮೀ. ಉದ್ದದ ಗ್ರಂಥಿಯೇ ಮೇದೋಜೀರಕ. ಡಾಕ್ಟರು ಹೇಳುವ ಪ್ಯಾಂಕ್ರಿಯಾಸ್ ಇದೇ. ಜೀರ್ಣರಸ, ಇನ್ಸುಲಿನ್ ಎರಡೂ ಇಲ್ಲಿಂದಲೇ. ಅಚಾನಕ್ ಸಿಗುವುದರಲ್ಲಿ ಹೆಚ್ಚಿನವು ನೀರು ತುಂಬಿದ ಗುಳ್ಳೆಗಳು. ಎಂ.ಆರ್.ಐ.ಯಲ್ಲಿ ಇವು ಸಿ.ಟಿ.ಗಿಂತ ಹೆಚ್ಚು ಕಾಣುತ್ತವೆ.

ಎಲ್ಲ ಗುಳ್ಳೆಯೂ ಒಂದೇ ಅಲ್ಲ. ಹಿಂದೆ ಮೇದೋಜೀರಕದ ಊತ ಬಂದವರಲ್ಲಿ ಉಳಿಯುವ ಸುಳ್ಳು ಗುಳ್ಳೆ ಕ್ಯಾನ್ಸರ್ ಆಗುವುದಿಲ್ಲ. ಸೀರಸ್ ಬಗೆಯದ್ದು ಬಹುತೇಕ ಯಾವತ್ತೂ ನಿರಪಾಯಕಾರಿ. ಲೋಳೆ ತುಂಬಿದ ಮ್ಯೂಸಿನಸ್ ಬಗೆಯದ್ದು ಮುಂದೆ ಕ್ಯಾನ್ಸರ್ ಆಗಬಹುದು. ಇದು ಬಹುಪಾಲು ಮಹಿಳೆಯರಲ್ಲೇ ಕಾಣುತ್ತದೆ. ರಸನಾಳಕ್ಕೆ ಅಂಟಿಕೊಂಡು ಬೆಳೆಯುವ ಐ.ಪಿ.ಎಂ.ಎನ್. ಹಿರಿಯರಲ್ಲಿ ಹೆಚ್ಚು. ಕೊಂಬೆನಾಳದಲ್ಲಿ ಇದ್ದರೆ ಅಪಾಯ ಕಡಿಮೆ, ಮುಖ್ಯನಾಳದಲ್ಲಿ ಇದ್ದರೆ ಹೆಚ್ಚು. ಯುವತಿಯರಲ್ಲಿ ಕಾಣುವ ಇನ್ನೊಂದು ಬಗೆ ಇದೆ. ಅದನ್ನು ತೆಗೆದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ಐ.ಪಿ.ಎಂ.ಎನ್. ಬಗ್ಗೆ 2024ರಲ್ಲಿ ಪ್ರಕಟವಾದ ಕ್ಯೋಟೋ ಮಾರ್ಗಸೂಚಿ ಕೆಂಪು ಗೆರೆಗಳನ್ನು ಸ್ಪಷ್ಟವಾಗಿ ಎಳೆದಿದೆ. ಗ್ರಂಥಿಯ ತಲೆಭಾಗದಲ್ಲಿ ಗುಳ್ಳೆಯಿದ್ದು ಕಾಮಾಲೆ ಬಂದರೆ, ಗುಳ್ಳೆಯೊಳಗೆ 5 ಮಿ.ಮೀ. ಅಥವಾ ಹೆಚ್ಚಿನ ಗಂಟು ಇದ್ದರೆ, ಮುಖ್ಯನಾಳ 10 ಮಿ.ಮೀ. ಅಥವಾ ಅದಕ್ಕಿಂತ ಅಗಲವಾಗಿದ್ದರೆ ಆಪರೇಷನ್ ಕಡೆಗೆ ಯೋಚಿಸಬೇಕು. ಗುಳ್ಳೆ 3 ಸೆಂ.ಮೀ. ತಲುಪಿದ್ದರೆ, ನಾಳ 5ರಿಂದ 9 ಮಿ.ಮೀ. ಇದ್ದರೆ, ಗುಳ್ಳೆ ಬೇಗ ಬೇಗ ಬೆಳೆಯುತ್ತಿದ್ದರೆ ಎಂಡೋಸ್ಕೋಪಿ ಮೂಲಕ ಒಳಗಿನಿಂದಲೇ ಅಲ್ಟ್ರಾಸೌಂಡ್ ಮಾಡುತ್ತಾರೆ. ಬೇಕಾದರೆ ಅದೇ ಹೊತ್ತಲ್ಲಿ ಗುಳ್ಳೆಯ ನೀರು ತೆಗೆದು ಪರೀಕ್ಷಿಸುತ್ತಾರೆ. ಇವು ಯಾವುದೂ ಇಲ್ಲದ 2 ಸೆಂ.ಮೀ.ಗಿಂತ ಚಿಕ್ಕ ಗುಳ್ಳೆಗೆ ಆರು ತಿಂಗಳಲ್ಲಿ ಒಂದು ಸ್ಕ್ಯಾನ್. ಬದಲಾವಣೆ ಇಲ್ಲದಿದ್ದರೆ ಆಮೇಲೆ ಒಂದೂವರೆ ವರ್ಷಕ್ಕೊಮ್ಮೆ.

ಇಷ್ಟು ಎಚ್ಚರಿಕೆಯಿಂದ ಕಾಯುವುದಕ್ಕೆ ಕಾರಣವಿದೆ. ಮೇದೋಜೀರಕದ ಆಪರೇಷನ್ ಸಣ್ಣದಲ್ಲ. ತಲೆಭಾಗ ತೆಗೆಯುವ ವಿಪಲ್ ಆಪರೇಷನ್‌ನಲ್ಲಿ ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶವೂ ಹೋಗುತ್ತವೆ. ಬಾಲಭಾಗ ತೆಗೆಯುವಾಗ ಗುಲ್ಮವನ್ನೂ ತೆಗೆಯಬೇಕಾಗಬಹುದು. ಆಮೇಲೆ ಶುಗರ್ ಕಾಯಿಲೆ ಬರುವ ಸಾಧ್ಯತೆಯೂ ಇದೆ. ನಿರಪಾಯಕಾರಿ ಗುಳ್ಳೆಗೆ ಇಷ್ಟೆಲ್ಲ ಅನುಭವಿಸುವುದು ಬೇಡ. ಕ್ಯಾನ್ಸರ್ ಆಗಲಿರುವ ಗುಳ್ಳೆಯನ್ನು ಬಿಡುವುದೂ ಬೇಡ.

ಗಟ್ಟಿ ಗಡ್ಡೆ ಆದರೆ?

ಗಟ್ಟಿ ಗಡ್ಡೆ ಕಂಡರೆ ತಡ ಮಾಡಬಾರದು. ಸಾಮಾನ್ಯ ಮೇದೋಜೀರಕ ಕ್ಯಾನ್ಸರ್ ಬೇಗ ಹರಡುವಂಥದ್ದು. ಆದರೆ ಅಚಾನಕ್ ಸಿಗುವ ಗಟ್ಟಿ ಗಡ್ಡೆಗಳಲ್ಲಿ ನ್ಯೂರೋಎಂಡೋಕ್ರೈನ್ ಎಂಬ, ಹೆಚ್ಚಾಗಿ ನಿಧಾನವಾಗಿ ಬೆಳೆಯುವ ಬಗೆಯೂ ಇದೆ. ಆ್ಯಪಲ್ ಕಂಪೆನಿಯ ಸ್ಟೀವ್ ಜಾಬ್ಸ್‌ಗೆ 2003ರ ಅಕ್ಟೋಬರ್‌ನಲ್ಲಿ ಕಿಡ್ನಿ ನೋಡಲೆಂದು ಮಾಡಿದ ಸ್ಕ್ಯಾನ್‌ನಲ್ಲಿ ಸಿಕ್ಕಿದ್ದು ಇದೇ. ಅವರು ಪಥ್ಯ, ಬದಲಿ ಚಿಕಿತ್ಸೆ ಅಂತ ಒಂಬತ್ತು ತಿಂಗಳು ಕಳೆದು 2004ರ ಜುಲೈಯಲ್ಲಿ ಆಪರೇಷನ್ ಮಾಡಿಸಿಕೊಂಡರು. 2011ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಹಾರ್ಮೋನು ಸುರಿಸದ, 2 ಸೆಂ.ಮೀ. ಒಳಗಿನ, ಕೆಟ್ಟ ಲಕ್ಷಣವಿಲ್ಲದ ಇಂಥ ಗಡ್ಡೆಯನ್ನು ಕೆಲವರಲ್ಲಿ ಸ್ಕ್ಯಾನ್ ಮಾಡುತ್ತಾ ಕಾಯಬಹುದು. ಆದರೆ ಆ ತೀರ್ಮಾನ ತಜ್ಞರದ್ದು.

ಇದೇ ಗುಂಪಿನ ಇನ್ಸುಲಿನೋಮ ಇದ್ದವರಲ್ಲಿ ಹೊಟ್ಟೆ ಖಾಲಿಯಾದಾಗ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಮಂಕು ಕವಿದ ಹಾಗೆ ಆಗಿ, ಸಿಹಿ ತಿಂದರೆ ಸರಿಯಾಗುತ್ತದೆ. ಶುಗರ್ ಮಾತ್ರೆ ತಿನ್ನದವರಿಗೂ ಉಪವಾಸದಲ್ಲಿ ಹೀಗೆ ಪದೇ ಪದೇ ಆದರೆ 'ನಿಶ್ಶಕ್ತಿ' ಅಂತ ತಳ್ಳಿಹಾಕದೆ, ಆ ಹೊತ್ತಿನಲ್ಲೇ ಸಕ್ಕರೆ ಪರೀಕ್ಷಿಸಿ ನೋಡಬೇಕು.

ಕೇರಳಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಮದ್ಯ ಮುಟ್ಟದವರಲ್ಲೂ ಎಳೆಯ ಪ್ರಾಯದಲ್ಲೇ ಮೇದೋಜೀರಕದಲ್ಲಿ ಕಲ್ಲು ಕಟ್ಟುವ ಕಾಯಿಲೆ ಇಲ್ಲಿ ಬಹಳ ಹಿಂದಿನಿಂದ ಇದೆ. ಡಾ. ಪಿ.ಜೆ. ಗೀವರ್ಗೀಸ್ ಇದನ್ನು ವಿವರವಾಗಿ ಅಧ್ಯಯನ ಮಾಡಿದವರು. ಇಂಥವರಲ್ಲಿ ಮೇದೋಜೀರಕ ಕ್ಯಾನ್ಸರ್ ಅಪಾಯ ಹೆಚ್ಚು. ಕಾಸರಗೋಡಿನವರ ರಿಪೋರ್ಟಿನಲ್ಲಿ ಮೇದೋಜೀರಕದ ಕಲ್ಲು ಅಂತ ಇದ್ದರೆ ಅದನ್ನೂ ಕಡೆಗಣಿಸಬಾರದು.

ಎರಡೂ ಒಟ್ಟಿಗೆ ಸಿಕ್ಕಿದರೆ

ಒಬ್ಬರಲ್ಲೇ ಮೇದೋಜೀರಕ, ಅಡ್ರಿನಲ್ ಎರಡರಲ್ಲೂ ಗಡ್ಡೆ ಇದ್ದರೆ ವಂಶವಾಹಿ ಕಾಯಿಲೆಯ ಬಗ್ಗೆ ಯೋಚಿಸಬೇಕು. ವಾನ್ ಹಿಪ್ಪೆಲ್-ಲಿಂಡಾವ್ ಕಾಯಿಲೆಯಲ್ಲಿ ಫಿಯೋ, ಮೇದೋಜೀರಕದ ಗುಳ್ಳೆಗಳ ಜೊತೆ ಕಣ್ಣು, ಮೆದುಳು, ಕಿಡ್ನಿಯಲ್ಲೂ ಗಡ್ಡೆಗಳು ಬರಬಹುದು. 'ಮೆನ್ 1' ಎಂಬ ಕಾಯಿಲೆಯಲ್ಲಿ ಪ್ಯಾರಾಥೈರಾಯ್ಡ್, ಪಿಟ್ಯೂಟರಿ ಗ್ರಂಥಿಗಳೂ ಸೇರುತ್ತವೆ. ಪದೇ ಪದೇ ಕಿಡ್ನಿ ಸ್ಟೋನ್ ಆಗುವುದು ಇದರ ಸುಳಿವಾಗಿರಬಹುದು. ಎರಡರಲ್ಲೂ ಪ್ರತಿ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಒಬ್ಬರ ರಿಪೋರ್ಟು ಇಡೀ ಮನೆಯವರ ವಿಷಯವಾಗುತ್ತದೆ. ಮದುವೆ ಸಂಬಂಧಕ್ಕೆ ತೊಂದರೆ ಅಂತ ಮುಚ್ಚಿಟ್ಟರೆ ನಷ್ಟ ಮಕ್ಕಳಿಗೇ.

ಮನೆಯವರು ಮಾಡಬೇಕಾದದ್ದು

* ರಿಪೋರ್ಟಿನ ಕೊನೆಯ ತೀರ್ಮಾನದ ಭಾಗವನ್ನು ಮನೆಯ ಓದಿದ ಮಕ್ಕಳು ಪೂರ್ತಿ ಓದಬೇಕು. ಅರ್ಥವಾಗದ ಪದಕ್ಕೆ ಗೆರೆ ಹಾಕಿ ಡಾಕ್ಟರ ಬಳಿ ಕೇಳಬೇಕು.
* ಕಾಗದದ ಜೊತೆ ಸ್ಕ್ಯಾನ್‌ನ ಸಿ.ಡಿ.ಯನ್ನೂ ಕೇಳಿ ಪಡೆದು ಇಡಬೇಕು. ಕಾಸರಗೋಡು, ಮಂಗಳೂರು, ಗಲ್ಫ್ ಅಂತ ಬೇರೆ ಬೇರೆ ಕಡೆ ಸ್ಕ್ಯಾನ್ ಆಗಿದ್ದರೆ ಹಳೆಯದ್ದರ ಜೊತೆ ಹೋಲಿಸಿದಾಗಲೇ ಗಡ್ಡೆ ಬೆಳೆದಿದೆಯೇ ಎಂದು ಗೊತ್ತಾಗುವುದು. ಐದು ವರ್ಷದ ಹಿಂದಿನ ಸ್ಕ್ಯಾನ್‌ನಲ್ಲೂ ಅದು ಅಷ್ಟೇ ಇದ್ದರೆ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.
* ಅಡ್ರಿನಲ್‌ಗೆ ಹಾರ್ಮೋನು ತಜ್ಞರು, ಮೇದೋಜೀರಕಕ್ಕೆ ಗ್ಯಾಸ್ಟ್ರೋ ತಜ್ಞರು ಮೊದಲು. ಆಪರೇಷನ್ ಬೇಕಾದರೆ ಈ ಗ್ರಂಥಿಗಳ ಆಪರೇಷನ್ ಹೆಚ್ಚು ಮಾಡುವ ಕೇಂದ್ರವನ್ನೇ ಆರಿಸಬೇಕು.
* ಮುಂದಿನ ಸ್ಕ್ಯಾನ್ ದಿನವನ್ನು ಮೊಬೈಲಿನಲ್ಲಿ ಗುರುತು ಹಾಕಬೇಕು. ನೋವಿಲ್ಲ ಅಂತ ತಪ್ಪಿಸಬಾರದು.
* ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಕೆ, 50 ದಾಟಿದ ಮೇಲೆ ತೂಕ ಇಳಿಕೆಯ ಜೊತೆ ಹೊಸದಾಗಿ ಬಂದ ಶುಗರ್ ಇದ್ದರೆ ಆ ದಿನಕ್ಕೆ ಕಾಯದೆ ಹೋಗಬೇಕು.
* ಸಿಗರೇಟು, ಬೀಡಿ ಬಿಡಬೇಕು. ಮೇದೋಜೀರಕ ಕ್ಯಾನ್ಸರ್‌ಗೆ ತಂಬಾಕು ಮುಖ್ಯ ಕಾರಣಗಳಲ್ಲಿ ಒಂದು.
* ಭಯದಿಂದ ಮನೆಯವರೆಲ್ಲ ಹೋಗಿ ಸ್ಕ್ಯಾನ್ ಮಾಡಿಸುವುದೂ ಬೇಡ. ವಂಶವಾಹಿ ಸಂಶಯವಿದ್ದರೆ ಮಾತ್ರ, ಅದೂ ಡಾಕ್ಟರು ಹೇಳಿದ ಪರೀಕ್ಷೆ ಸಾಕು.

ಅಚಾನಕ್ ಸಿಕ್ಕಿದ ಗಡ್ಡೆಯ ಬಗ್ಗೆ ಕೊನೆಗೆ ಉಳಿಯುವ ಪ್ರಶ್ನೆಗಳು ಮೂರೇ: ಇದು ಯಾವ ಬಗೆಯದ್ದು, ಹಾರ್ಮೋನು ಸುರಿಸುತ್ತಿದೆಯೇ, ಬೆಳೆಯುತ್ತಿದೆಯೇ? ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಹೆಚ್ಚಿನವರಿಗೆ ಡಾಕ್ಟರು ಹೇಳುವುದು 'ಭಯ ಬೇಡ, ಮುಂದಿನ ಸಲ ಬನ್ನಿ' ಅಂತ. ಆದರೆ ಆ ಮಾತು ಕೇಳಬೇಕಾದರೆ ಕಪಾಟಿನ ಕವರು ಮೊದಲು ಹೊರಗೆ ಬರಬೇಕು.