ಹಿಮಗಾಲಕ್ಕೆ ಕೂಡಿಟ್ಟ ಕುಂಬಳ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಕರಾವಳಿಯ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ, ಶರತ್ಕಾಲದ ಮೊದಲ ಮಂಜು ಹೆಪ್ಪುಗಟ್ಟಿ ಬಳ್ಳಿಯ ಎಲೆಗಳನ್ನು ಒಂದೇ ರಾತ್ರಿಯಲ್ಲಿ ಕಪ್ಪಾಗಿಸುವುದಕ್ಕೆ ಮುಂಚೆ, ಹೊಲದಲ್ಲಿ ಬಲಿತು ಬಿದ್ದಿರುವ ಗಟ್ಟಿ ತೊಗಟೆಯ ಕುಂಬಳಗಳನ್ನು ಒಕ್ಕಲಿಗನು ಒಳಗೆ ಸಾಗಿಸಲೇಬೇಕು. ಸಾಗಿಸಿ ಇಡುವುದಕ್ಕೆ ಬೆಚ್ಚಗಿನ ಒಣ ಸ್ಥಳವಿಲ್ಲದವನು ಪೇಟೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳಬೇಕು. ಊರಿನ ಒಕ್ಕಲುಗಳೆಲ್ಲ ಒಂದೇ ಪಕ್ಷದಲ್ಲಿ ಈ ಅವಸರಕ್ಕೆ ಸಿಲುಕುವುದರಿಂದ ಅಕ್ಟೋಬರಿನಲ್ಲಿ ಕುಂಬಳವು ಅಗ್ಗವಾಗುತ್ತದೆ. ಇಟ್ಟುಕೊಂಡವರು ಕೆಲವರೇ ಆದುದರಿಂದ ಮಾರ್ಚಿಯಲ್ಲಿ ಅದೇ ಕಾಯಿ ತುಟ್ಟಿಯಾಗುತ್ತದೆ. ಬಳ್ಳಿಯಲ್ಲಿಯೇ ಪೂರ್ತಿ ಬಲಿತು, ಉಗುರು ಇಳಿಯದಷ್ಟು ತೊಗಟೆ ಗಡುಸಾದ ಮೇಲೆ ಕೊಯ್ದು, ಹಿಮಗಾಲದುದ್ದಕ್ಕೂ ಇಟ್ಟು ತಿನ್ನುವ ಈ ಜಾತಿಗಳನ್ನು ಅಲ್ಲಿನವರು ವಿಂಟರ್ ಸ್ಕ್ವಾಶ್ ಎನ್ನುತ್ತಾರೆ. ಇವುಗಳ ಚರಿತ್ರೆಯನ್ನು ಬೀಜದ ಚರಿತ್ರೆಯೆಂದು ಬರೆಯುವುದು ವಾಡಿಕೆ. ಆದರೆ ಬೆಲೆಯ ಏರಿಳಿತವನ್ನು ಹಿಡಿದು ಹೊರಟವನಿಗೆ ಅದು ಬೀಜಕ್ಕಿಂತ ಹೆಚ್ಚಾಗಿ, ಕಾಯಿಯನ್ನು ಇಟ್ಟ ಸ್ಥಳಗಳ ಚರಿತ್ರೆಯಾಗಿ ತೋರುತ್ತದೆ.

ಕುಂಬಳದ ಈ ಕುಲವು ಸಂಪೂರ್ಣವಾಗಿ ಅಮೆರಿಕ ಖಂಡಗಳದು. ಮೆಕ್ಸಿಕೋದ ಒವಾಹಾಕ ಪ್ರಾಂತದ ಗುಹೆಯೊಂದರಲ್ಲಿ ದೊರೆತ ಬೀಜಗಳು ಸುಮಾರು 10,000 ವರ್ಷಗಳಷ್ಟು ಹಳೆಯವೆಂದು ನಿರ್ಣಯವಾಗಿದೆ. ದೊಡ್ಡ ಗಾತ್ರದ ಇನ್ನೊಂದು ಪ್ರಭೇದವು ದಕ್ಷಿಣ ಅಮೆರಿಕದಲ್ಲಿ ಪ್ರತ್ಯೇಕವಾಗಿ ಸಾಗುವಳಿಗೆ ಬಂದಿತು. ಉತ್ತರದ ಮೂಲನಿವಾಸಿಗಳು ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ ಈ ಮೂರನ್ನು ಒಂದೇ ಗುಡ್ಡೆಯಲ್ಲಿ ಬಿತ್ತಿ ಬೆಳೆದುದು ಪ್ರಸಿದ್ಧವಾಗಿದೆ. ಬೆಳೆದುದನ್ನು ಅವರು ಇಟ್ಟ ಬಗೆಯು ಅಷ್ಟು ಪ್ರಸಿದ್ಧವಲ್ಲ. ಅದರಲ್ಲಿಯೇ ಅವರ ಜಾಣ್ಮೆ ಹೆಚ್ಚಾಗಿ ಕಾಣುತ್ತದೆ.

ಮಿಸ್ಸೂರಿ ನದಿಯ ಮೇಲ್ದಂಡೆಯಲ್ಲಿ ನೆಲೆಸಿದ್ದ ಹಿಡಾಟ್ಸಾ ಜನರ ವೃದ್ಧೆ ಬಫೆಲೊ ಬರ್ಡ್ ವುಮನ್ ಎಂಬವರು ತಮ್ಮ ಬೇಸಾಯದ ವಿವರಗಳನ್ನು ಗಿಲ್ಬರ್ಟ್ ವಿಲ್ಸನ್ ಎಂಬ ಮಾನವಶಾಸ್ತ್ರಜ್ಞನಿಗೆ ಹೇಳಿದರು. ಅದು 1917ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಕಾಡುಕೋಣದ ಹೆಗಲ ಮೂಳೆಯಿಂದ ಮಾಡಿದ ಚೂರಿಯಲ್ಲಿ ಕುಂಬಳವನ್ನು ಬಿಲ್ಲೆಗಳಾಗಿ ಕೊಯ್ದು, ಸಣ್ಣ ಕಡ್ಡಿಗಳಿಗೆ ಪೋಣಿಸಿ, ಎತ್ತರದ ಅಟ್ಟಣೆಯ ಮೇಲೆ ಗಾಳಿಬಿಸಿಲಿಗೆ ಒಣಗಿಸಿ, ಒಣಗಿದವುಗಳನ್ನು ಉದ್ದನೆಯ ಸರಗಳಾಗಿ ಕಟ್ಟಿ, ಕೊನೆಗೆ ನೆಲದೊಳಗೆ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಹಗೇವುಗಳಿಗೆ ಇಳಿಸುತ್ತಿದ್ದರಂತೆ. ಇಳಿಸುವುದರಲ್ಲಿಯೂ ಒಂದು ಕ್ರಮವಿತ್ತು: ಹಗೇವಿನ ಗೋಡೆಯ ಸುತ್ತ ಜೋಳದ ತೆನೆಗಳು, ಅವುಗಳ ಒಳಗೆ ಬಿಡಿಕಾಳು, ನಟ್ಟನಡುವೆ ಕುಂಬಳದ ಸರಗಳು. ಮಣ್ಣಿನ ತೇವವನ್ನು ಮೊದಲು ಜೋಳವೇ ತಡೆಯಬೇಕು. ಬೇಗ ಬೂಷ್ಟು ಹಿಡಿಯುವ ಕುಂಬಳಕ್ಕೆ ಅದು ಮುಟ್ಟಕೂಡದು. ನಮ್ಮ ಬಯಲುಸೀಮೆಯ ಹಗೇವುಗಳನ್ನು ಬಲ್ಲವರಿಗೆ ಈ ವಿವೇಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಸಮಾಜದಲ್ಲಿ ಹೊಲವೂ ಹಗೇವೂ ಹೆಂಗಸರ ಅಧೀನದಲ್ಲಿದ್ದವೆಂಬುದನ್ನೂ, ಊರು ಬೇಟೆಗೆ ಹೊರಟಾಗ ಹಗೇವಿನ ಬಾಯನ್ನು ಗುರುತು ಸಿಗದಂತೆ ಮುಚ್ಚಿ ಹೋಗುತ್ತಿದ್ದರೆಂಬುದನ್ನೂ ನೆನೆದರೆ, ದಾಸ್ತಾನು ಎಂದರೆ ಅವರಿಗೆ ಎಷ್ಟರಮಟ್ಟಿನ ಸಂಪತ್ತಾಗಿತ್ತೆಂದು ತಿಳಿಯುತ್ತದೆ.

1620ರಲ್ಲಿ ನ್ಯೂ ಇಂಗ್ಲೆಂಡಿನ ಪ್ಲಿಮತ್ತಿಗೆ ಬಂದಿಳಿದ ಆಂಗ್ಲ ವಲಸೆಗಾರರಿಗೆ ಈ ವಿದ್ಯೆ ತಿಳಿಯದು. ನೂರಕ್ಕೆ ತುಸು ಮೇಲಿದ್ದ ಆ ಗುಂಪಿನಲ್ಲಿ ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಉಳಿದವರು ಅರ್ಧದಷ್ಟು ಮಂದಿ. ಮುಂದಿನ ದಶಕಗಳಲ್ಲಿ ಗೋಧಿ ಕೈಕೊಟ್ಟಾಗ, ದನಕರು ಇನ್ನೂ ಹೆಚ್ಚದಿದ್ದಾಗ, ಅವರ ಹೊಟ್ಟೆ ಹೊರೆದದ್ದು ಕುಂಬಳ. ಆ ಕಾಲದ ಚರಿತ್ರಕಾರ ಎಡ್ವರ್ಡ್ ಜಾನ್ಸನ್ 1654ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕುಂಬಳವನ್ನು ಪರಿಹಾಸ ಮಾಡಕೂಡದೆಂದು ಬರೆದಿರುವುದನ್ನು ನೋಡಿದರೆ, ಪರಿಹಾಸ ಮಾಡುವವರು ಆಗಲೇ ಹುಟ್ಟಿಕೊಂಡಿದ್ದರೆಂದು ಊಹಿಸಬಹುದು. ಹಸಿದಾಗ ಉಂಡದ್ದನ್ನು ಉಳ್ಳವನಾದ ಮೇಲೆ ಹೀಗಳೆಯುವ ಸ್ವಭಾವ ಯಾವ ದೇಶಕ್ಕೂ ಹೊಸದಲ್ಲ. ಸುಮಾರು ಒಂದು ಶತಮಾನದ ತರುವಾಯ ಉತ್ತರ ಅಮೆರಿಕದಲ್ಲಿ ಸಂಚರಿಸಿದ ಸ್ವೀಡನ್ನಿನ ಸಸ್ಯವಿಜ್ಞಾನಿ ಪೆಹ್ರ್ ಕಾಮ್, ಕುಂಬಳವನ್ನು ಸೀಳಿ ಬಿಸಿಲಿನಲ್ಲಾಗಲಿ ಬೆಂಕಿಯ ಬಳಿಯಲ್ಲಾಗಲಿ ಒಣಗಿಸಿ ವರ್ಷಗಟ್ಟಲೆ ಇಡುವ ಪದ್ಧತಿಯನ್ನು ವರ್ಣಿಸಿದ್ದಾನೆ.

ಒಣಗಿಸದೆ ಇಡಿಯಾಗಿ ಇಡುವುದಕ್ಕೆ ಬೇರೊಂದು ಸ್ಥಳ ಬೇಕಾಗಿತ್ತು. ನ್ಯೂ ಇಂಗ್ಲೆಂಡಿನ ಮರದ ಮನೆಯ ಕೆಳಗೆ ನೆಲಮಾಳಿಗೆಯಿರುತ್ತಿತ್ತು. ಆಲೂಗೆಡ್ಡೆ, ಸೇಬು, ಕೋಸುಗಳಿಗೆ ಆ ತಂಪೂ ತೇವವೂ ಹಿತ, ಕುಂಬಳಕ್ಕೆ ಮಾತ್ರ ಮಾರಕ. ಶಾಖವು ಬಹುಕಾಲ 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿದ್ದರೆ ಅದರ ತಿರುಳು ಒಳಗೊಳಗೇ ಕೆಟ್ಟು ತೊಗಟೆಯ ಮೇಲೆ ಕೊಳೆಯ ಮಚ್ಚೆಗಳೇಳುತ್ತವೆ. ಆದುದರಿಂದ ಗೃಹಿಣಿಯರು ಅದನ್ನು ಮೇಲಕ್ಕೆ, ಹೊಗೆಗೂಡಿನ ಶಾಖ ತಾಗುವ ಅಟ್ಟಕ್ಕೋ ಬಳಕೆಯಿಲ್ಲದ ಕೋಣೆಯ ಮಂಚದ ಅಡಿಗೋ ಸಾಗಿಸಿದರು. ಲಾರಾ ಇಂಗಲ್ಸ್ ವೈಲ್ಡರ್ ಅವರು ವಿಸ್ಕಾನ್ಸಿನ್ನಿನ ಬಾಲ್ಯವನ್ನು ಕುರಿತು 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅಟ್ಟದಲ್ಲಿ ಪೇರಿಸಿದ ಕುಂಬಳಗಳೇ ಮಕ್ಕಳ ಆಟದ ಪೀಠಗಳಾಗುತ್ತವೆ. ಕರ್ನಾಟಕದ ಕರಾವಳಿಯ ಮನೆಗಳಲ್ಲಿ ಬೇಸಗೆಯ ಸೌತೆಯನ್ನೂ ಬೂದುಗುಂಬಳವನ್ನೂ ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕಾಸಿಗೆ ತೂಗುಹಾಕುತ್ತಿದ್ದುದೂ ಇಂಥದೇ ಲೆಕ್ಕಾಚಾರ. ಅಲ್ಲಿ ಶತ್ರು ಹಿಮ, ಇಲ್ಲಿ ಆಷಾಢದ ಮಳೆ. ನಮ್ಮ ಸಿಹಿಗುಂಬಳವೂ ಯೂರೋಪಿಯನ್ನರ ನೌಕಾಯಾನದ ಬಳಿಕ ಆ ಖಂಡಗಳಿಂದಲೇ ಬಂದುದೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಮಾರ್ಬಲ್‌ಹೆಡ್ ಎಂಬ ಊರಿನ ಸಂಗತಿ. ಮ್ಯಾಸಚೂಸೆಟ್ಸ್ ಕರಾವಳಿಯ ಈ ಬಂಡೆಗಲ್ಲಿನ ಊರು ಮೂಲತಃ ಬೆಸ್ತರದು. 1846ರ ಸೆಪ್ಟೆಂಬರಿನ ಬಿರುಗಾಳಿಯಲ್ಲಿ ಅದರ 11 ಹಡಗುಗಳೂ 65 ಮಂದಿ ಗಂಡಸರೂ ಹುಡುಗರೂ ಕಡಲಪಾಲಾದ ಮೇಲೆ ಮೀನುಗಾರಿಕೆ ಕುಗ್ಗುತ್ತ ಬಂದಿತು. ಬಳ್ಳಿ ಬೆಳೆದು ಹೆಸರಾಗುವ ಲಕ್ಷಣವೇನೂ ಆ ನೆಲಕ್ಕಿರಲಿಲ್ಲ. ಆದರೂ ಅಲ್ಲಿ ಹುಟ್ಟಿ, ಆಮ್‌ಹರ್ಸ್ಟ್ ಕಾಲೇಜಿನಲ್ಲಿ 1850ರಲ್ಲಿ ಪದವಿ ಪಡೆದು, ಕೆಲಕಾಲ ಉಪಾಧ್ಯಾಯನಾಗಿದ್ದ ಜೇಮ್ಸ್ ಜಾನ್ ಹೊವರ್ಡ್ ಗ್ರೆಗರಿಯು (1827–1910), ಒಳ್ಳೆಯ ಕುಂಬಳದ ಬೀಜ ಬೇಕೆಂದು ಕೃಷಿಪತ್ರಿಕೆಯೊಂದರಲ್ಲಿ ಯಾರೋ ಕೇಳಿದ್ದನ್ನು ಓದಿ, ತನ್ನ ತಂದೆಯ ತೋಟದ ಬೀಜವನ್ನು ಕಳುಹಿಸಿದನು. ಆ ಕಾಯಿಗೆ ಹೆಸರಿರಲಿಲ್ಲ. ಅದರ ಗುಣವನ್ನು ಮನೆಯವರಿಗೆ ಮೊದಲು ತಿಳಿಸಿದ ಎಲಿಜಬೆತ್ ಹಬ್ಬರ್ಡ್ ಎಂಬ ನೆರೆಯ ಮುದುಕಿಯ ಹೆಸರನ್ನೇ ಅದಕ್ಕೆ ಇಡಲಾಯಿತು. ಬೇಡಿಕೆಯ ಪತ್ರಗಳು ಒಂದರ ಹಿಂದೊಂದು ಬಂದವು. ಹಬ್ಬರ್ಡ್ ಕುಂಬಳದ ಬೆನ್ನ ಮೇಲೆ ಗ್ರೆಗರಿಯ ಬೀಜವ್ಯಾಪಾರ ನಿಂತಿತು, ಮತ್ತು 1867ರಲ್ಲಿ ಅವನು ಕುಂಬಳದ ಬೇಸಾಯವನ್ನೇ ಕುರಿತು ಒಂದು ಪುಸ್ತಕವನ್ನು ಬರೆದನು.

ಅಲ್ಲಿಯವರೆಗೆ ಬಾಸ್ಟನ್ನಿನ ಪೇಟೆಯಲ್ಲಿ ಮೆರೆದಿದ್ದುದು, 1830ರ ದಶಕದಲ್ಲಿ ಸೇಲಂ ಪಟ್ಟಣದ ಜಾನ್ ಐವ್ಸ್ ಪ್ರಚಾರಕ್ಕೆ ತಂದ ಬಾಸ್ಟನ್ ಮ್ಯಾರೋ ಎಂಬ ತೆಳುತೊಗಟೆಯ ಕಾಯಿ. ರುಚಿಯಲ್ಲಿ ಅದೂ ಕಡಿಮೆಯದಲ್ಲ. ಆದರೆ ಶರತ್ಕಾಲ ಕಳೆದಂತೆ ಅದರ ಆಯುಸ್ಸೂ ಕಳೆಯುತ್ತಿತ್ತು. ಹಬ್ಬರ್ಡಿನ ತೊಗಟೆಯಾದರೋ ಕೊಡಲಿಯಿಲ್ಲದೆ ಒಡೆಯದು. ಅಡುಗೆಯವಳಿಗೆ ಶಾಪವಾದ ಆ ಗಡುಸುತನವೇ ವರ್ತಕನಿಗೆ ವರವಾಯಿತು, ಏಕೆಂದರೆ ಅದು ಐದಾರು ತಿಂಗಳು ಕೆಡದೆ ನಿಲ್ಲುತ್ತಿತ್ತು. ನಿಂತಷ್ಟು ಕಾಲ ಒಳಗಿನ ಪಿಷ್ಟವು ಮೆಲ್ಲಗೆ ಸಕ್ಕರೆಯಾಗಿ ಪರಿಣಮಿಸುತ್ತಿದ್ದುದರಿಂದ ರುಚಿಯೂ ಹೆಚ್ಚುತ್ತಿತ್ತು. ಹೀಗೆ ಕುಂಬಳಕ್ಕಾಗಿಯೇ ಮನೆಗಳೆದ್ದವು: ಜೋಡಿ ಗೋಡೆ, ಒಳಗೆ ಹಲಗೆಯ ಅಂತಸ್ತುಗಳು, ಕೊರೆಯುವ ರಾತ್ರಿಗಳಿಗೆ ಒಂದು ಒಲೆ. ಕೆರೆದ ಗಾಯವೊಂದಿದ್ದರೆ ಸಾಕು, ಕೊಳೆ ಅಲ್ಲಿಂದಲೇ ಹೊಕ್ಕು ನೆರೆಯ ಕಾಯಿಗೂ ಹಬ್ಬುವುದೆಂದು ತಿಳಿದಿದ್ದವರು ಕಾಯಿಗಳನ್ನು ಎಸೆಯದೆ, ತೊಟ್ಟು ಮುರಿಯದೆ, ಮೆಲ್ಲನೆ ಇಳಿಸುತ್ತಿದ್ದರು. ಅಕ್ಟೋಬರಿನ ಬೆಲೆಗೂ ಮಾರ್ಚಿಯ ಬೆಲೆಗೂ ಇದ್ದ ಅಂತರವೆಲ್ಲ ಲಾಭವೆಂದು ತಿಳಿದರೆ ತಪ್ಪಾದೀತು: ಅದರಲ್ಲಿ ಕೊಳೆತ ಕಾಯಿಯ ನಷ್ಟ, ಒಣಗಿ ಇಳಿದ ತೂಕ, ಒಲೆಯ ಸೌದೆ, ವಾರವಾರವೂ ಆರಿಸುವವನ ಕೂಲಿ ಇವೆಲ್ಲ ಸೇರಿದ್ದವು. ಅಟ್ಟವುಳ್ಳ ಗೃಹಸ್ಥನಿಗೆ ಈ ಖರ್ಚುಗಳಲ್ಲಿ ಹೆಚ್ಚಿನವು ಇರಲಿಲ್ಲ. ಆದುದರಿಂದಲೇ ಶರತ್ಕಾಲದಲ್ಲಿ ಗಾಡಿಯ ಲೆಕ್ಕದಲ್ಲಿ ಕೊಂಡು ತುಂಬಿಕೊಳ್ಳುವುದು ಅವನಿಗೆ ಮಿತವ್ಯಯದ ಮಾರ್ಗವಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಸಂಸಾರಗಳು ಸಣ್ಣವಾದವು, ಮನೆಯಿಡೀ ಕೊಳವೆಯ ಬಿಸಿಯಿಂದ ಶುಷ್ಕವಾಯಿತು, ಅಟ್ಟವು ಹಳೆಯ ಪೆಟ್ಟಿಗೆಗಳ ಪಾಲಾಯಿತು. ಕಾಯಿಗಳೂ ಅದಕ್ಕೆ ತಕ್ಕಂತೆ ಕುಗ್ಗಿದವು. ಅಯೋವದ ಬೀಜಸಂಸ್ಥೆಯೊಂದು 1913ರಲ್ಲಿ ಟೇಬಲ್ ಕ್ವೀನ್ ಎಂಬ, ಇಬ್ಬರ ಊಟಕ್ಕೆ ಒಂದು ಸಾಕಾಗುವ ಏಣುಗಾಯಿಯನ್ನು ಹೊರತಂದಿತು. ಉತ್ತರ ಡಕೋಟದ ಕೃಷಿ ಕಾಲೇಜಿನಿಂದ 1930ರ ದಶಕದ ಆರಂಭದಲ್ಲಿ ಬಟರ್‌ಕಪ್ ಬಂದಿತು. 1940ರ ದಶಕದಲ್ಲಿ ಮ್ಯಾಸಚೂಸೆಟ್ಸಿನ ಚಾರ್ಲ್ಸ್ ಲೆಗೆಟ್, ಸುಲಭವಾಗಿ ಹೆಚ್ಚಬಹುದಾದ, ಬೀಜದ ಗೂಡು ಚಿಕ್ಕದಾಗಿ ತಿರುಳು ಹೆಚ್ಚಾದ ಬಟರ್‌ನಟ್ಟನ್ನು ಬೆಳೆಸಿದನು. ಅದರಿಂದ ಸುಧಾರಿಸಿದ ವಾಲ್ತಂ ಬಟರ್‌ನಟ್ಟಿಗೆ 1970ರಲ್ಲಿ ಅಖಿಲ ಅಮೆರಿಕ ಮಟ್ಟದ ಪುರಸ್ಕಾರ ದೊರೆತು, ಇಂದು ಅಂಗಡಿಗಳಲ್ಲಿ ಅದರದೇ ಪ್ರಭುತ್ವ. ಚಳಿಗಾಲದಲ್ಲಿ ಮೆಕ್ಸಿಕೋದಿಂದ ತಾಜಾ ಕಾಯಿ ಬರತೊಡಗಿದ ಮೇಲೆ ಒಲೆಯುಳ್ಳ ಕುಂಬಳಮನೆಗಳ ಮಹತ್ವವೂ ಇಳಿಯಿತು.

ಆದರೂ ಶರತ್ಕಾಲದ ಅಗ್ಗ ಪೂರ್ತಿ ಅಳಿದಿಲ್ಲ. ಅಕ್ಟೋಬರ್ 31ರ ಹ್ಯಾಲೊವೀನ್ ಹಬ್ಬ ಮುಗಿದ ಮರುದಿನ ಹೊಲದ ಬದಿಯ ಅಂಗಡಿಗಳಲ್ಲಿ ಬೆಲೆ ಇಳಿಯುವುದನ್ನು ಅಲ್ಲಿ ನೆಲೆಸಿದ ಕನ್ನಡಿಗರೂ ಬಲ್ಲರು. ಬಟರ್‌ನಟ್ಟಿನ ಹುಳಿಯೂ ಪಲ್ಯವೂ ಅವರ ಮನೆಗಳಲ್ಲಿ ಸಿಹಿಗುಂಬಳದ ಸ್ಥಾನಕ್ಕೆ ಸಂದಿವೆ. ದೀಪವಿಡುವುದಕ್ಕೆ ಕೊರೆಯುವ ದೊಡ್ಡ ಕುಂಬಳವನ್ನು ಮಾತ್ರ ಅಡುಗೆಗೆಂದು ಕೊಳ್ಳಲಾಗದು, ಅದರ ತಿರುಳು ನಾರುನಾರು, ನೀರುನೀರು. ಆಯುಧಪೂಜೆಯ ಮುನ್ನಾದಿನ ನಮ್ಮ ಬೂದುಗುಂಬಳಕ್ಕೆ ಬರುವ ಗೌರವವೂ ಮರುದಿನ ಬೀದಿಯಲ್ಲಿ ಅದಕ್ಕಾಗುವ ಗತಿಯೂ ಅದಕ್ಕೂ ಉಂಟು. ದಾಸ್ತಾನಿಗೆ ಕೊಳ್ಳುವವರು ತೊಟ್ಟು ಎರಡು ಬೆರಳಗಲ ಉಳಿದಿರುವ, ಗೀರಿಲ್ಲದ, ಗಾತ್ರಕ್ಕೆ ಮೀರಿದ ತೂಕದ ಕಾಯಿಯನ್ನು ಆರಿಸುತ್ತಾರೆ. ಹೊಸದಾಗಿ ಕೊಯ್ದುದನ್ನು 27ರಿಂದ 29 ಡಿಗ್ರಿ ಶಾಖದಲ್ಲಿ ಹತ್ತು ದಿನವಿಟ್ಟು ತೊಗಟೆ ಬಲಿಸಿ, ಆಮೇಲೆ 10ರಿಂದ 13 ಡಿಗ್ರಿಯ ಒಣಕೋಣೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡುತ್ತಾರೆ. ಏಣುಗಾಯಿ ಈ ಉಪಚಾರವನ್ನು ಒಲ್ಲದು. ಒಂದೂವರೆ ಎರಡು ತಿಂಗಳೊಳಗೆ ತಿಂದು ಮುಗಿಸಬೇಕು. ಬಟರ್‌ನಟ್ ಎರಡು ಮೂರು ತಿಂಗಳು ಬಾಳುತ್ತದೆ.

ಹಬ್ಬರ್ಡ್ ಈಗಲೂ ಅಲ್ಲಲ್ಲಿ ಸಿಗುತ್ತದೆ, ಹೆಚ್ಚಾಗಿ ವರ್ತಕನೇ ಒಡೆದು ಹೋಳು ಮಾಡಿದ ರೂಪದಲ್ಲಿ. ಗ್ರೆಗರಿಯ ಸಂಸ್ಥೆ 1909ರಲ್ಲಿ ಹೊರತಂದ ಅದರ ನೀಲಿ ಬಗೆಗೆ ಮಾತ್ರ ಒಂದು ಹೊಸ ಉದ್ಯೋಗ ದೊರೆತಿದೆ: ಬಳ್ಳಿಗಳನ್ನು ಕಾಡುವ ಪಟ್ಟೆಹುಳುವಿಗೆ ಅದರ ಎಲೆ ಬಲು ಪ್ರಿಯವಾದುದರಿಂದ, ನ್ಯೂ ಇಂಗ್ಲೆಂಡಿನ ಕೆಲವು ಬೆಳೆಗಾರರು ನಡುಹೊಲದಲ್ಲಿ ಬಟರ್‌ನಟ್ಟನ್ನು ಬಿತ್ತಿ, ಹುಳುಗಳನ್ನು ಸೆಳೆದು ಹಿಡಿಯುವ ಬಲೆಬೆಳೆಯಾಗಿ ನೀಲಿ ಹಬ್ಬರ್ಡನ್ನು ಹೊಲದ ಅಂಚಿಗೆ ಹಾಕುತ್ತಾರೆ.